ಶ್ರುತಿ ಕೇಳುವಷ್ಟು ಜಾಗ ಬಿಡಿ

ಕಾಸರಗೋಡು ಜಿಲ್ಲೆಯ ದೇವಸ್ಥಾನ ಸಮಿತಿ, ಭಜನಾ ಮಂದಿರ, ಯಕ್ಷಗಾನ ಸಂಘ, ಸಂಗೀತ ಸಭೆಗಳ ಸಂಘಟಕ ಬಂಧುಗಳಿಗೆ,



ಪತ್ತನಾಜೆ ಕಳೆಯಿತು. ಮೇಳಗಳು ಗೆಜ್ಜೆ ಬಿಚ್ಚಿ ಪೆಟ್ಟಿಗೆ ಕಟ್ಟಿವೆ. ದೀಪಾವಳಿ ಕಳೆದು ಮತ್ತೆ ತಿರುಗಾಟ ಹೊರಡುವವರೆಗೆ ಬಯಲಿನಲ್ಲಿ ಮಳೆಯದ್ದೇ ಆಟ. ನಿಮಗೆ ಮಾತ್ರ ಬಿಡುವಿಲ್ಲ. ನವರಾತ್ರಿಗೆ ಯಾರ ಕಚೇರಿ, ಜಾತ್ರೆಗೆ ಯಾವ ಮೇಳ, ವಾರ್ಷಿಕೋತ್ಸವದ ಕೂಟಕ್ಕೆ ಯಾರ ಅರ್ಥ, ಯಾರ ಭಾಗವತಿಕೆ, ಚಪ್ಪರಕ್ಕೆಷ್ಟು, ಮೈಕಿಗೆಷ್ಟು ಎಂಬ ಲೆಕ್ಕಾಚಾರವೆಲ್ಲ ಆಟಿಯ ಮಳೆಯಲ್ಲೇ ನಡೆಯುವುದು. ಆಮಂತ್ರಣ ಪತ್ರಿಕೆ ಪ್ರೆಸ್ಸಿಗೆ ಹೋದ ಮೇಲೆ ಯಾರು ಏನು ಹೇಳಿದರೂ ಪ್ರಯೋಜನವಿಲ್ಲ. ಆದ್ದರಿಂದಲೇ ಈ ಪತ್ರ ಈಗ.

ಬರೆಯುತ್ತಿರುವವನು ಕಲಾವಿದನಲ್ಲ, ವಿಮರ್ಶಕನೂ ಅಲ್ಲ. ಕುಂಬಳೆ ಸೀಮೆಯ ಒಬ್ಬ ಕೇಳುಗ. ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಟಕ್ಕೆ ಹೊರಡುತ್ತಿದ್ದ ಕಾಲದಿಂದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್‌ಇಡಿ ಪರದೆ ನೋಡುವ ಕಾಲದವರೆಗೂ ಸಭೆಯ ಈಚೆ ಬದಿಯಲ್ಲೇ ಇದ್ದವನು. ವೇದಿಕೆಯ ಮೇಲೆ ಇವನಿಗೆಂದು ಕುರ್ಚಿ ಇರಲಿಲ್ಲ, ಬೇಕೆನಿಸಿದ್ದೂ ಇಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಎದುರು ಕೂತವರ ಕಡೆಯ ಮಾತು.

ಮೊದಲು ಸಲ್ಲಬೇಕಾದ್ದು ಸಲ್ಲಲಿ. 1956ರಲ್ಲಿ ಈ ನೆಲ ಕೇರಳಕ್ಕೆ ಸೇರಿತು. 1984ರಲ್ಲಿ ಬೇರೆಯೇ ಜಿಲ್ಲೆಯಾಯಿತು. ಶಾಲೆ, ಕಚೇರಿ, ಅರ್ಜಿ ಫಾರಂಗಳಲ್ಲಿ ಕನ್ನಡ ಉಳಿಸುವ ಹೋರಾಟ ಮಾಡಿದವರ ಹೆಸರು ಎಲ್ಲರಿಗೂ ಗೊತ್ತು. ಕಿವಿಯಲ್ಲಿ ಕನ್ನಡ ಉಳಿಸಿದವರು ಮಾತ್ರ ನೀವು. ರಶೀದಿ ಪುಸ್ತಕ ಹಿಡಿದು ಗುಡ್ಡ ಹತ್ತಿ ತೋಟ ಇಳಿದು ಮನೆಮನೆಗೆ ಹೋದವರು ನೀವು. ಅಡಿಕೆಗೆ ಕೊಳೆರೋಗ ಬಂದ ವರ್ಷವೂ ಆಟ ತಪ್ಪಿಸಲಿಲ್ಲ. ಮಧೂರಿನಲ್ಲಿ 1992ರ ನಂತರ 2025ರಲ್ಲಿ ಮೂಡಪ್ಪ ಸೇವೆ ನಡೆದಾಗ ದಿನಗಟ್ಟಲೆ ಹರಿದುಬಂದ ಜನಕ್ಕೆ ಊಟ, ನೀರು, ನೆರಳು, ವೇದಿಕೆ ಎಲ್ಲವನ್ನೂ ನಿಭಾಯಿಸಿದ ಸ್ವಯಂಸೇವಕರನ್ನು ಕಂಡ ಯಾರೂ ಈ ಜಿಲ್ಲೆಯವರಿಗೆ ವ್ಯವಸ್ಥೆ ಗೊತ್ತಿಲ್ಲ ಎಂದು ಹೇಳಲಾರರು.

ಅಂಥ ನಿಮ್ಮಲ್ಲಿ ಈ ಕೇಳುಗನ ಬೇಡಿಕೆ ಎರಡೇ. ಸದ್ದು ತಗ್ಗಿಸಿ. ಹಾಡಿನ ಹೊತ್ತನ್ನು ಹಾಡಿಗೇ ಬಿಡಿ.

ಇಷ್ಟು ವರ್ಷಗಳಲ್ಲಿ ಕೇಳಿದ್ದರಲ್ಲಿ ಮನಸ್ಸಿನಲ್ಲಿ ಉಳಿದ ರಾತ್ರಿಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ದೊಡ್ಡ ಹೆಸರಿನ ಕಾರ್ಯಕ್ರಮಗಳೆಲ್ಲ ಅದರಲ್ಲಿ ಇಲ್ಲ. ದೊಡ್ಡ ಚಪ್ಪರಗಳಂತೂ ಬಹಳ ಕಡಿಮೆ. ಉಳಿದದ್ದು ಹತ್ತಿರದಿಂದ ಕೇಳಿದ್ದು, ನಿಧಾನವಾಗಿ ನಡೆದದ್ದು.

ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ 2023ರ ಫೆಬ್ರವರಿಯಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರನ್ನು ರಂಗಸ್ಥಳದ ಬುಡದಲ್ಲೇ ಕೂತು ಕೇಳಿದವರು ಈ ಜಿಲ್ಲೆಯಲ್ಲಿ ಇನ್ನೂ ಬೇಕಾದಷ್ಟು ಮಂದಿ ಇದ್ದಾರೆ. ಅವರನ್ನು ವಿಚಾರಿಸಿ ನೋಡಿ. ಪ್ರಸಂಗ ಪುಸ್ತಕದ ಹಂಗಿಲ್ಲದೆ ಪದ್ಯದ ಮೇಲೆ ಪದ್ಯ, ಅದೂ ಏರು ಶ್ರುತಿಯಲ್ಲಿ. ಐದು ರಾತ್ರಿ ಆಡುವಂಥ ದೇವಿಮಹಾತ್ಮೆಯನ್ನು ಬರೆದ ಕೈ ಅದು. ಇಡೀ ರಾತ್ರಿ ಹಾಡಿಯೂ ಬೆಳಗಿಗೆ ಬಳಲದ ಗಂಟಲು ಅದು. ಅವರಿಗೆ ಅಜ್ಜನದ್ದೇ ಹೆಸರು. ಆ ಹಿರಿಯ ಬಲಿಪರ ಕಾಲ ಧ್ವನಿವರ್ಧಕಕ್ಕೂ ಹಿಂದಿನದು. ಬಯಲಿನ ಕೊನೆಯವರೆಗೆ ಪದ್ಯದ ಅಕ್ಷರ ಮುಟ್ಟಬೇಕಾದರೆ ಭಾಗವತ ಬಾಯಿ ತೆರೆದು, ಸ್ವರ ಬಿಡಿಸಿ ಹಾಡಲೇಬೇಕಿದ್ದ ಕಾಲ. ಮೊಮ್ಮಗನ ಮುಂದೆ ಮೈಕ್ ಇತ್ತು. ಆದರೆ ಹಾಡಿದ್ದು ಅಜ್ಜನ ಹಾಗೆಯೇ. ಅವರ ಆಟದಲ್ಲಿ ಈ ಕೇಳುಗನ ಕಿವಿಯಲ್ಲಿ ನಿಂತದ್ದು ಪದ್ಯ ಮಾತ್ರವಲ್ಲ. ಪದ್ಯ ಮುಗಿದು ಚೆಂಡೆಯ ಪೆಟ್ಟು ಬೀಳುವ ಮೊದಲಿನ ಅರೆಗಳಿಗೆಯ ಬಿಡುವೂ.

ಈಗಿನ ಆಟಗಳಲ್ಲಿ ಕಳೆದುಹೋಗಿರುವುದು ಆ ಬಿಡುವೇ. ಚೌಕಿಯ ಹತ್ತಿರ ಸಂಜೆ ಹೊತ್ತು ಚೆಂಡೆಯಲ್ಲಿ ‘ಕೇಳಿ’ ಬಡಿದರೆ ಎರಡು ಗುಡ್ಡ ಆಚೆಯ ಮನೆಯವರೂ ಇವತ್ತು ಆಟವಿದೆ ಎಂದು ಬೇಗ ಉಂಡು ಹೊರಡುತ್ತಿದ್ದರು. ಹ್ಯಾಂಡ್‌ಬಿಲ್ಲು, ವಾಟ್ಸಾಪು ಯಾವುದೂ ಬೇಕಾಗಿರಲಿಲ್ಲ. ಅದೇ ಚೆಂಡೆಗೆ ಇವತ್ತು ಮೈಕ್ ಇಡುತ್ತಾರೆ! ಎರಡು ಗುಡ್ಡ ದಾಟುವ ವಾದ್ಯವನ್ನು ಇಪ್ಪತ್ತು ಅಡಿ ದಾಟಿಸಲು ಯಂತ್ರ ಯಾಕೆ ಎಂದು ಈ ಕೇಳುಗ ಮೈಕ್ ಸೆಟ್ಟಿನ ಹುಡುಗನೊಬ್ಬನನ್ನು ಕೇಳಿದ್ದುಂಟು. ಸಮಿತಿಯವರು ಹೇಳಿದ್ದಾರೆ ಎಂದ. ಸಮಿತಿಯವರನ್ನು ಕೇಳಿದರೆ, ಮೈಕಿನವರು ಇಡುತ್ತಾರೆ ಎಂದರು.

ತಾಳಮದ್ದಳೆಯ ವಿಷಯದಲ್ಲಿ ಈ ಜಿಲ್ಲೆ ಪುಣ್ಯ ಮಾಡಿದ್ದು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲೇ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರೂ ಹುಟ್ಟಿದ್ದು, 1918ರಲ್ಲಿ. 2006ರಲ್ಲಿ ಅವರು ತೀರಿಕೊಂಡ ಮೇಲೂ ವಾಲಿ ಎಂದರೆ, ರಾವಣ ಎಂದರೆ ಹಳಬರಿಗೆ ಕೇಳಿಸುವುದು ಅವರದ್ದೇ ಸ್ವರ. ಅದೇ ಕುಂಬಳೆಯ ಸುಂದರ ರಾಯರು 2022ರಲ್ಲಿ ಹೋದರು; ಪ್ರಾಸ ಹೆಣೆದು ಮಾತಾಡುತ್ತಿದ್ದ ಆ ನಾಲಗೆ ಸುರತ್ಕಲ್ ಕ್ಷೇತ್ರದಿಂದ ವಿಧಾನಸಭೆಗೂ ಹೋಗಿ ಬಂದದ್ದು. ದೇಲಂಪಾಡಿಯ ಬನಾರಿಯಂಥ ಕಾಡಂಚಿನ ಊರಿನಲ್ಲಿ ಕೀರಿಕ್ಕಾಡು ವಿಷ್ಣು ಮಾಸ್ತರರು ಕಟ್ಟಿದ ಗೋಪಾಲಕೃಷ್ಣ ಯಕ್ಷಗಾನ ಕಲಾ ಸಂಘ ಎಷ್ಟೋ ಮಂದಿಗೆ ಅರ್ಥ ಹೇಳಲು ಕಲಿಸಿತು.

ಮಳೆಗಾಲದ ಮನೆ ಕೂಟಗಳಲ್ಲಿ ಈ ಕೇಳುಗ ಕಂಡ ಒಂದು ವಿಚಿತ್ರವನ್ನು ಇಲ್ಲಿ ಹೇಳಲೇಬೇಕು. ಹೊರಗೆ ಜಡಿಮಳೆ. ಮಾಡಿನ ಹಂಚಿನ ಮೇಲೆ ಅದರ ಸದ್ದು. ಚಾವಡಿಯಲ್ಲಿ ಮೈಕಿಲ್ಲ. ಅಂಥಲ್ಲಿ ಕರ್ಣನ ಅರ್ಥ ಹೇಳುತ್ತಿದ್ದ ಹಿರಿಯರೊಬ್ಬರು ಮಳೆ ಜೋರಾದಷ್ಟೂ ಸ್ವರ ಏರಿಸುವ ಬದಲು ಇಳಿಸಿದರು. ಸಭೆ ಮುಂದಕ್ಕೆ ಬಾಗಿತು. ಬಾಗಿಲ ಬಳಿ ಕಾಫಿ ಲೋಟ ಹಿಡಿದು ನಿಂತಿದ್ದ ಮನೆಯ ಯಜಮಾನ ಲೋಟವನ್ನು ಕೆಳಗಿಡಲೂ ಇಲ್ಲ, ಕುಡಿಯಲೂ ಇಲ್ಲ. ಕೇಳುವವರಿಗೆ ಕಿವಿಗೊಡುವ ಕೆಲಸ ಕೊಟ್ಟರೆ ಅವರು ಅದನ್ನು ಮಾಡುತ್ತಾರೆ. ಸದ್ದಿನಿಂದ ಅವರ ಕೆಲಸವನ್ನು ನೀವೇ ಮಾಡಿಬಿಟ್ಟರೆ ಅವರು ಮೊಬೈಲ್ ತೆಗೆಯುತ್ತಾರೆ.

ಎಡನೀರು ಮಠದ ಮಾತಿಲ್ಲದೆ ಇಲ್ಲಿನ ಸಂಗೀತದ ನೆನಪು ಪೂರ್ತಿಯಾಗದು. ದೇಶದ ವಕೀಲರಿಗೆಲ್ಲ ಆ ಮಠದ ಪೀಠಾಧಿಪತಿಯಾಗಿದ್ದ ಕೇಶವಾನಂದ ಭಾರತಿ ಎಂದರೆ 1973ರ ಏಪ್ರಿಲ್ 24ರಂದು ಸುಪ್ರೀಂ ಕೋರ್ಟಿನ 13 ನ್ಯಾಯಮೂರ್ತಿಗಳು ಕೊಟ್ಟ ತೀರ್ಪು. ಚೆರ್ಕಳದ ಆಚೀಚೆಯವರಿಗೆ ಅವರು ಹಾಡುವ ಸ್ವಾಮೀಜಿ. ಕರ್ನಾಟಕ ಸಂಗೀತ, ಹಿಂದೂಸ್ತಾನಿ, ಭಾಗವತಿಕೆ ಎಲ್ಲದರಲ್ಲೂ ಕೈಯಾಡಿಸಿದವರು; ಮಠದ ಹೆಸರಿನಲ್ಲಿ ಮೇಳವನ್ನೂ ನಡೆಸಿದವರು. 2020ರ ಸೆಪ್ಟೆಂಬರಿನಲ್ಲಿ ಅವರು ಬ್ರಹ್ಮೈಕ್ಯರಾದರು. ಕಲಾಪೋಷಕನೇ ಶ್ರುತಿ ಬಲ್ಲವನಾಗಿದ್ದರೆ ಕಲಾವಿದ ಎಷ್ಟು ನೆಮ್ಮದಿಯಿಂದ ಹಾಡುತ್ತಾನೆ ಎಂಬುದಕ್ಕೆ ಅಲ್ಲಿನ ಸಂಜೆಗಳು ಸಾಕ್ಷಿ. ನೀವೆಲ್ಲ ಹಾಡಬೇಕೆಂದೇನೂ ಇಲ್ಲ. ಸಮಿತಿಯಲ್ಲಿ ಕಿವಿ ಇರುವ ಒಬ್ಬರನ್ನಾದರೂ ಇಟ್ಟುಕೊಳ್ಳಿ, ಅವರ ಮಾತಿಗೆ ಖಜಾಂಚಿಯ ಮಾತಿನಷ್ಟೇ ತೂಕ ಕೊಡಿ.

ಬಳ್ಳಪದವಿನ ನಾರಾಯಣೀಯಂನಲ್ಲಿ ವಿದ್ವಾನ್ ಯೋಗೀಶ ಶರ್ಮರು ನಡೆಸುವ ವೀಣಾವಾದಿನಿ ಸಂಗೀತ ವಿದ್ಯಾಪೀಠವನ್ನೂ ನೆನೆಯಬೇಕು. ದೊಡ್ಡ ಪಟ್ಟಣದ ಸಭಾಭವನ ಹುಡುಕಿ ಹೋಗದೆ ಹಳ್ಳಿಯಲ್ಲೇ ಮಕ್ಕಳಿಗೆ ಪಾಠ, ಹಳ್ಳಿಗೇ ವಿದ್ವಾಂಸರನ್ನು ಕರೆಸಿ ಕಚೇರಿ. ಅಂಥ ಕಡೆ ಚಾಪೆಯ ಮೇಲೆ ಕೂತರೆ ಹಾಡುಗಾರರು ನಿಲ್ಲಿಸಿದ ಮೇಲೂ ಒಂದು ಉಸಿರಿನಷ್ಟು ಹೊತ್ತು ಪಿಟೀಲು ಎಳೆಯುವ ಎಳೆ ಕೇಳಿಸುತ್ತದೆ. ಜಾತ್ರೆ ಚಪ್ಪರದಲ್ಲಿ ಅದನ್ನು ಕೊನೆಯ ಸಲ ಯಾವಾಗ ಕೇಳಿದ್ದೆಂದು ಹೇಳುವುದು ಕಷ್ಟ.

ಇನ್ನು ಮೊಗ್ರಾಲ್. ಕುಂಬಳೆಯಿಂದ ದಕ್ಷಿಣಕ್ಕೆ ಹೊಳೆ ದಾಟುವಷ್ಟರಲ್ಲಿ ಸಿಗುವ ಈ ಊರಿಗೆ ಇಶಲ್ ಗ್ರಾಮ ಎಂದೇ ಹೆಸರು. ಮಾಪ್ಪಿಳ್ಳ ಪಾಟಿನ ಕವಿಗಳೂ ಹಾಡುಗಾರರೂ ತಲೆಮಾರುಗಟ್ಟಲೆ ಬದುಕಿದ ಊರು. ತಳಂಗರೆಯ ಟಿ. ಉಬೈದರು (1908-1972) ಆ ಹಾಡುಗಳಿಗೆ ಮಲಯಾಳ ಸಾಹಿತ್ಯದ ಪಂಕ್ತಿಯಲ್ಲಿ ಎಲೆ ಹಾಕಿಸಿದವರು. ಮೊಗ್ರಾಲಿನ ಕಡೆ ಮದುವೆ ಮನೆಯಲ್ಲಿ ಮುದುಕರು ಕೈತಟ್ಟಿ ಹಾಡಿದ್ದನ್ನು ಕೇಳಿದ ರಾತ್ರಿ ಈ ಕೇಳುಗನ ಪಟ್ಟಿಯಲ್ಲಿ ಯಾವ ಕಚೇರಿಗೂ ಕಡಿಮೆಯದ್ದಲ್ಲ. ಕುಂಬಳೆಯ ಯಕ್ಷಗಾನವೂ ಮೊಗ್ರಾಲಿನ ಇಶಲೂ ಒಂದೇ ಸಂಜೆ ಒಂದೇ ವೇದಿಕೆಯಲ್ಲಿ ಬರುವುದು ಯಾಕೆ ಇಷ್ಟು ಅಪರೂಪ? ಯಾವುದಾದರೊಂದು ಕ್ಲಬ್ಬು, ಒಂದು ಗ್ರಂಥಾಲಯ ಮನಸ್ಸು ಮಾಡಿದರೆ ಸಾಕು. ಇದು ಬೇಡಿಕೆಯ ಪಟ್ಟಿಯಲ್ಲಿ ಇರಲಿಲ್ಲ. ಬರೆಯುತ್ತಾ ಬಂತು, ಇರಲಿ.

ಈಗ ಸದ್ದಿನ ಲೆಕ್ಕ. ಭಾವನೆಯ ಮಾತು ಬಿಟ್ಟು ಅಂಕಿಯನ್ನೇ ನೋಡೋಣ.

ಶಬ್ದಮಾಲಿನ್ಯ ನಿಯಂತ್ರಣ ನಿಯಮ ಬಂದದ್ದು 2000ದಲ್ಲಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಎಂದು ಅದು ಮಿತಿ ಹಾಕಿದೆ. ಸಾರ್ವಜನಿಕ ಸ್ಥಳದಲ್ಲಿ ಧ್ವನಿವರ್ಧಕ ಹಾಕಿದರೆ ಆ ಸ್ಥಳದ ಗಡಿಯಲ್ಲಿ ಸದ್ದು ಆ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75 ಡೆಸಿಬಲ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಇದು ಊರವರ ನಿದ್ದೆಯ ಲೆಕ್ಕ. ಚಪ್ಪರದ ಒಳಗೆ ಕೂತವರ ಕಿವಿಯ ಲೆಕ್ಕ ಬೇರೆ. 85 ಡೆಸಿಬಲ್ಲನ್ನು ದಿನಕ್ಕೆ 8 ಗಂಟೆ ತಡೆದುಕೊಳ್ಳಬಹುದು. ಅಲ್ಲಿಂದ ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಅವಧಿ ಅರ್ಧವಾಗುತ್ತದೆ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ. ಆ ಪ್ರಕಾರ 100 ಡೆಸಿಬಲ್ಲಿಗೆ ಉಳಿಯುವುದು 15 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮಗಳಿಗೆಂದೇ ಹೊರಡಿಸಿದ ಮಾನದಂಡದಲ್ಲೂ 15 ನಿಮಿಷದ ಸರಾಸರಿ 100 ಡೆಸಿಬಲ್ ಎಂಬುದು ದಾಟಬಾರದ ಗೆರೆ.

ನಿಮ್ಮ ಚಪ್ಪರದಲ್ಲಿ ಸ್ಪೀಕರ್ ಪೆಟ್ಟಿಗೆಗಳನ್ನು ವೇದಿಕೆಯ ಎರಡು ಬದಿಗೆ ಗೋಡೆಯಂತೆ ಪೇರಿಸುತ್ತಾರಲ್ಲ, ಅಲ್ಲಿಂದ ದೂರ ಇಮ್ಮಡಿಯಾದಾಗಲೆಲ್ಲ ಬಯಲಿನಲ್ಲಿ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಹಿಂದೆ 16 ಮೀಟರ್ ದೂರದಲ್ಲಿ ಕೂತವರಿಗೆ 85 ಮುಟ್ಟಬೇಕೆಂದು ಗುಂಡಿ ತಿರುಗಿಸಿದರೆ 8 ಮೀಟರಿನಲ್ಲಿ 91, 4 ಮೀಟರಿನಲ್ಲಿ 97, 2 ಮೀಟರಿನಲ್ಲಿ 103. ಆ ಎರಡು ಮೀಟರಿನ ಜಾಗದಲ್ಲಿ ಕೂರುವವರು ಯಾರು? ವೇಷ ಹತ್ತಿರದಿಂದ ನೋಡಬೇಕೆಂದು ಓಡಿ ಬಂದ ಮಕ್ಕಳು. ಕಿವಿ ಮಂದವಾಗಿದೆ ಎಂದು ಮುಂದೆ ಕೂರಿಸಿದ ಅಜ್ಜಿಯಂದಿರು.

ಇದಕ್ಕೆ ಪರಿಹಾರ ದುಬಾರಿಯದ್ದಲ್ಲ. ಮುಂದೆ ಎರಡು ದೈತ್ಯ ಪೆಟ್ಟಿಗೆಯ ಬದಲು ಚಪ್ಪರದ ಉದ್ದಕ್ಕೂ ನಾಲ್ಕಾರು ಚಿಕ್ಕ ಪೆಟ್ಟಿಗೆ ತೂಗಿಸಿ, ಎಲ್ಲವನ್ನೂ ಸಣ್ಣಗೆ ಇಡಿ. ಚೆಂಡೆಯ ಮುಂದಿನ ಮೈಕ್ ತೆಗೆಸಿ. ಭಾಗವತರಿಗೆ, ಮದ್ದಳೆಗೆ ಇರಲಿ. ಕಚೇರಿಯ ದಿನ ಕಲಾವಿದರನ್ನು ಅರ್ಧ ಗಂಟೆ ಮೊದಲೇ ಕರೆಸಿ. ಆ ಅರ್ಧ ಗಂಟೆ ಮೈಕಿನವರೂ ಅವರೂ ಮಾತ್ರ ವೇದಿಕೆಯಲ್ಲಿರಲಿ, ಹೂವಿನ ಅಲಂಕಾರದವರು ಆಮೇಲೆ ಬರಲಿ. ಚಪ್ಪರದ ನಡುವಿನ ಸಾಲಿನಲ್ಲಿ ಒಬ್ಬ ಹುಡುಗ ಮೊಬೈಲಿನ ಡೆಸಿಬಲ್ ಆ್ಯಪ್ ತೆರೆದು ಕೂತು, ಮಾಪಕ 85 ದಾಟಿದಾಗ ಮೈಕಿನವರಿಗೆ ಕೈಸನ್ನೆ ಮಾಡಲಿ. ಮೊಬೈಲಿನ ಲೆಕ್ಕ ಪ್ರಯೋಗಾಲಯದ್ದಲ್ಲ, ಆದರೂ ಅಂದಾಜು ಸಿಗುತ್ತದೆ. ಚಪ್ಪರದ ಕಚೇರಿ ಎಂದರೆ ಗದ್ದಲವೇ ಆಗಬೇಕೆಂದಿಲ್ಲ. 1939ರಲ್ಲಿ ಹುಟ್ಟಿದ ಬೆಂಗಳೂರಿನ ಶ್ರೀ ರಾಮಸೇವಾ ಮಂಡಳಿ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲೇ ತಲೆಮಾರುಗಳಿಗೆ ಸಂಗೀತ ಕೇಳಿಸಿತು.

ಸದ್ದಿನ ಮಾತನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದನ್ನು ಕಟೀಲಿನಲ್ಲಿ ಎಲ್ಲರೂ ನೋಡಿದ್ದಾರೆ. ರಾತ್ರಿ ಹತ್ತರ ಮೇಲಿನ ಧ್ವನಿವರ್ಧಕ ನಿಯಮದಿಂದಾಗಿ 2022ರ ತಿರುಗಾಟದಲ್ಲಿ ಆ ಮೇಳಗಳು ಕಾಲಮಿತಿಗೆ ಇಳಿಯಬೇಕಾಯಿತು. ಬೆಳಗಿನವರೆಗಿನ ಆಟ ಮರಳಿದ್ದು 2024ರ ಜನವರಿಯಲ್ಲಿ. ಕಾನೂನಿನ ಕಣ್ಣು ಬಿದ್ದದ್ದು ದೇವಿಮಹಾತ್ಮೆಯ ಮೇಲಲ್ಲ, ಸದ್ದಿನ ಮೇಲೆ. ದೂರು ಬರುವ ಮೊದಲೇ ನೀವಾಗಿ ತಗ್ಗಿಸಿದರೆ ನೆರೆಮನೆಯ ರೋಗಿಯೂ ಹರಸುತ್ತಾನೆ, ಪರೀಕ್ಷೆಗೆ ಓದುವ ಹುಡುಗಿಯೂ ಹರಸುತ್ತಾಳೆ.

ಎರಡನೆಯ ಬೇಡಿಕೆ ಹೊತ್ತಿನದು. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ, ಮನ್ನಿಸಿ.

ಊರೊಂದರ ಉತ್ಸವದಲ್ಲಿ ಹೀಗಾಯಿತು. ಸಂಜೆ ಆರಕ್ಕೆ ಕಚೇರಿ ಎಂದು ಪತ್ರಿಕೆಯಲ್ಲಿ ಅಚ್ಚಾಗಿತ್ತು. ದೀಪ ಬೆಳಗಬೇಕಾದ ಗಣ್ಯರು ಬಂದದ್ದು ಏಳೂವರೆಗೆ. ವೇದಿಕೆಯ ತುಂಬ ಕುರ್ಚಿ. ಪ್ರಾರ್ಥನೆ, ಸ್ವಾಗತ, ಪ್ರಸ್ತಾವನೆ, ಶುಭಾಶಂಸನೆ, ಮತ್ತೊಂದು ಶುಭಾಶಂಸನೆ. ಕಡೆಗೆ ಹಾಡು ಶುರುವಾಗಿ, ಗಾಯಕಿ ತೋಡಿಯ ಆಲಾಪನೆಗೆ ಇಳಿದು ಹದ ಹಿಡಿಯುತ್ತಿದ್ದಾಗ ನಿರೂಪಕರು ಮೆಲ್ಲನೆ ಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ಹೊರಡುವ ಅವಸರದಲ್ಲಿದ್ದ ಮುಖ್ಯ ಅತಿಥಿಗಳಿಂದ ಆಗಲೇ ಸನ್ಮಾನ ಆಗಬೇಕಂತೆ. ತೋಡಿ ಅಲ್ಲಿಗೇ ನಿಂತಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಫೋಟೋ, ಫೋಟೋ ಸರಿ ಬರಲಿಲ್ಲವೆಂದು ಇನ್ನೊಮ್ಮೆ ಶಾಲು. ಆಮೇಲೆ ಗಾಯಕಿ ಬಿಟ್ಟಲ್ಲಿಂದ ಹಿಡಿಯಲಿಲ್ಲ. ಎರಡು ದೇವರನಾಮ ಹಾಡಿ ಮಂಗಳ ಮಾಡಿದರು. ಆಮೇಲಿನ ಆಟಕ್ಕೆಂದು ಚೌಕಿಯಲ್ಲಿ ವೇಷ ಕಟ್ಟಿ ಕಾದಿದ್ದ ಮೇಳದವರಿಗೂ ಸಿಟ್ಟು. ಸೇರಿದ್ದವರಲ್ಲಿ ಯಾರಿಗೂ ಅಂದು ಕಚೇರಿ ಸಿಗಲಿಲ್ಲ. ಸನ್ಮಾನ ಮಾತ್ರ ಸಿಕ್ಕಿತು, ಅದೂ ರಾಗದ ಕುತ್ತಿಗೆ ಹಿಸುಕಿ.

ಸನ್ಮಾನ ಬೇಡವೆಂದು ಯಾರೂ ಹೇಳುತ್ತಿಲ್ಲ. ಹಳ್ಳಿಯ ಮದ್ದಳೆಗಾರನಿಗೆ ಊರ ಮುಂದೆ ಸಿಗುವ ಒಂದು ಶಾಲಿನ ಬೆಲೆ ಈ ಕೇಳುಗನಿಗೂ ಗೊತ್ತು. ಆದರೆ ಅದಕ್ಕೆ ಬೇರೆಯೇ ಸಂಜೆ ಇಡಿ. ಇಲ್ಲವೆ ಸಭಾ ಕಾರ್ಯಕ್ರಮವನ್ನು ಸಂಜೆ ಐದಕ್ಕೆ ಆರಂಭಿಸಿ ಆರಕ್ಕೆ ಮುಗಿಸಿ. ಅತಿಥಿ ಬರದಿದ್ದರೆ ಊರಿನ ಹಿರಿಯ ಕೃಷಿಕರೊಬ್ಬರಿಂದ ದೀಪ ಹಚ್ಚಿಸಿ. ದೀಪಕ್ಕೆ ಯಾರ ಕೈಯಾದರೇನು? ಗುರುವಾಯೂರಿನಲ್ಲಿ ಚೆಂಬೈ ವೈದ್ಯನಾಥ ಭಾಗವತರ ನೆನಪಿಗೆ ವರ್ಷವರ್ಷ ನಡೆಯುವ ಸಂಗೀತೋತ್ಸವವನ್ನು ನೋಡಿ. ಭಾಷಣ, ಪ್ರಶಸ್ತಿ ಎಲ್ಲ ಉದ್ಘಾಟನೆಯ ಸಂಜೆಗೆ. ಆಮೇಲೆ ದಿನಗಟ್ಟಲೆ ಹಾಡು ಮಾತ್ರ. ನೂರಾರು ಮಂದಿ ಬಂದು, ಹೇಳಿದ ಹೊತ್ತಿನಲ್ಲಿ ಹಾಡಿ, ಎದ್ದು ಹೋಗುತ್ತಾರೆ. ಅಷ್ಟು ದೊಡ್ಡ ದೇವಸ್ವಂಗೆ ಸಾಧ್ಯವಾದದ್ದು ವಾರ್ಡಿನ ಭಜನಾ ಮಂದಿರಕ್ಕೆ ಕಷ್ಟವಾಗಬಾರದು.

ಇದರ ಬೆನ್ನಿಗೇ ಬರುವ ಮಾತು ಹಿಮ್ಮೇಳದವರದು. ಆಮಂತ್ರಣ ಪತ್ರಿಕೆಯಲ್ಲಿ ಹಾಡುಗಾರರ ಬಣ್ಣದ ಚಿತ್ರ, ಪ್ರಾಯೋಜಕರ ಬಣ್ಣದ ಚಿತ್ರ. ಪಿಟೀಲು, ಮೃದಂಗದವರಿಗೆ “ಮತ್ತು ಬಳಗ”. ಬಳಗದವರಿಗೂ ಅಪ್ಪ ಅಮ್ಮ ಇಟ್ಟ ಹೆಸರುಗಳಿವೆ. ಚೆಂಡೆ, ಮದ್ದಳೆ, ಚಕ್ರತಾಳದವರೆಗೆ ಎಲ್ಲರ ಹೆಸರನ್ನೂ ಹಾಕಿಸಿ. ಎರಡು ಗೆರೆ ಹೆಚ್ಚಿದರೆ ಪ್ರೆಸ್ಸಿನವರು ಹೆಚ್ಚು ಕೇಳುವುದಿಲ್ಲ. ತನಿಯಾವರ್ತನೆ ಆರಂಭವಾಗುವ ಹೊತ್ತಿಗೆ ಸರಿಯಾಗಿ ಕಾಫಿ ಹಂಚುವ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಅವರಿಗೂ ಒಂದು ಸನ್ಮಾನ ಮಾಡಿ ಆ ಪದ್ಧತಿಯನ್ನು ಬೀಳ್ಕೊಡಿ. ಸಂಭಾವನೆಯ ಲಕೋಟೆ ಅದೇ ರಾತ್ರಿ ಕೈಸೇರಲಿ. ಕೊನೆಯ ಬಸ್ಸು ತಪ್ಪಿದವರಿಗೆ ಮಲಗಲು ಚಾಪೆಯೋ, ಮನೆವರೆಗೆ ರಿಕ್ಷಾವೋ ಇರಲಿ.

ಮಕ್ಕಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೇರಳದ ಶಾಲಾ ಕಲೋತ್ಸವದಲ್ಲಿ ಯಕ್ಷಗಾನವೂ ಒಂದು ಸ್ಪರ್ಧೆ. 2019ರಲ್ಲಿ ಕಾಞಂಗಾಡಿನಲ್ಲಿ ಅರುವತ್ತನೆಯ ಕಲೋತ್ಸವ ನಡೆಯಿತು. ಕನ್ನಡ ಮನೆಮಾತಲ್ಲದ ಮಕ್ಕಳೂ ಕನ್ನಡದ ಮಾತುಗಳನ್ನು ಬಾಯಿಪಾಠ ಮಾಡಿ ಕಿರೀಟ ಹೊತ್ತು ಕುಣಿಯುವ ಸ್ಪರ್ಧೆ ಅದು. ಅವರಿಗೆ ಒಳ್ಳೆಯ ಆಟ ಒಂದನ್ನಾದರೂ ಕಿವಿ ನೋಯದ ಹಾಗೆ ಹತ್ತಿರದಿಂದ ತೋರಿಸುವ ಹೊಣೆ ನಿಮ್ಮದು. ಮುಂದಿನ ಎರಡು ಸಾಲು ಅತಿಥಿಗಳ ಸೋಫಾ ತೆಗೆದು ಚಾಪೆ ಹಾಸಿ. ಹತ್ತಿರದ ಶಾಲೆಗೆ, ಕನ್ನಡ ಮಾಧ್ಯಮಕ್ಕೂ ಮಲಯಾಳ ಮಾಧ್ಯಮಕ್ಕೂ, ಒಂದು ವಾರ ಮೊದಲೇ ಹೇಳಿ ಕಳಿಸಿ. ಪ್ರಸಂಗದ ಕತೆಯನ್ನು ಎರಡೂ ಭಾಷೆಯಲ್ಲಿ ಒಂದೊಂದು ಪುಟ ಅಚ್ಚು ಹಾಕಿಸಿ ಹಂಚಿದರೆ ಚಂದ್ರಗಿರಿ ಹೊಳೆಯ ಆಚೆಯ ಕಡೆಯಿಂದ ಬಂದವರೂ ಬೆಳಗಿನವರೆಗೆ ಕೂರುತ್ತಾರೆ.

ಇನ್ನೊಂದು ವಿಷಯ ತುರ್ತಿನದು. ಈ ಜಿಲ್ಲೆಯ ಎಷ್ಟೋ ಮನೆಗಳ ಅಟ್ಟದಲ್ಲಿ, ಕಪಾಟಿನಲ್ಲಿ ಹಳೆಯ ಕ್ಯಾಸೆಟ್‌ಗಳಿವೆ. ಆಟದ ರಾತ್ರಿ ಟೇಪ್‌ರೆಕಾರ್ಡರನ್ನು ರಂಗಸ್ಥಳದ ಅಂಚಿನಲ್ಲಿಟ್ಟು, ಪ್ರತಿ ಅರ್ಧ ಗಂಟೆಗೊಮ್ಮೆ ಎದ್ದು ಮಗ್ಗುಲು ಬದಲಿಸಿದ ಹುಚ್ಚರು ತುಂಬಿಟ್ಟ ಸಂಪತ್ತು ಅದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಟೇಪಿಗೆ ಬೂಸ್ಟು ಹಿಡಿಯಲು ಹೆಚ್ಚು ಕಾಲ ಬೇಡ. ಆ ಹುಚ್ಚರಿಗೂ ಈಗ ವಯಸ್ಸಾಗಿದೆ. ಮಕ್ಕಳು ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇದ್ದಾರೆ. ಮನೆ ಸುಣ್ಣ ಬಳಿಯುವಾಗ ಮೊದಲು ಹೊರಗೆ ಬೀಳುವುದೇ ಈ ಪೆಟ್ಟಿಗೆ. ವಾರ್ಷಿಕೋತ್ಸವದ ಖರ್ಚಿನಲ್ಲಿ ಒಂದು ಫ್ಲೆಕ್ಸ್ ಕಡಿಮೆ ಮಾಡಿ, ನಿಮ್ಮ ವಾರ್ಡಿನ ಕ್ಯಾಸೆಟ್‌ಗಳನ್ನು ಒಟ್ಟುಗೂಡಿಸಿ, ಡಿಜಿಟಲ್ ಮಾಡಿಸಿ. ಯಾರ ಭಾಗವತಿಕೆ, ಯಾವ ಊರು, ಯಾವ ವರ್ಷ ಎಂದು ಬಲ್ಲವರು ಬದುಕಿರುವಾಗಲೇ ಬರೆಸಿ. ಒಂದು ಪ್ರತಿ ಊರಿನ ಗ್ರಂಥಾಲಯದಲ್ಲಿರಲಿ. ಹೊಸದಾಗಿ ಧ್ವನಿಮುದ್ರಣ ಮಾಡುವಾಗ ಕಲಾವಿದರನ್ನು ಕೇಳಿಯೇ ಮಾಡಿ. ಯೂಟ್ಯೂಬಿಗೆ ಹಾಕುವ ಮೊದಲು ಇನ್ನೊಮ್ಮೆ ಕೇಳಿ.

ಕೇಳುಗರ ಪಾಲಿನ ಕೆಲಸವೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆರು ಗಂಟೆ ಎಂದರೆ ಏಳಕ್ಕೆ ಬರುವ ಅಭ್ಯಾಸ ನಿಮ್ಮದು ಮಾತ್ರವಲ್ಲ. ಆಲಾಪನೆಯ ನಡುವೆ ಎದ್ದು ಮಾತಾಡಿಸುವವರು, ರೀಲ್ಸ್‌ಗೆಂದು ಮೊಬೈಲ್ ದೀಪ ಹಾಯಿಸುವವರು, ಚಂದಾ ಕೇಳಲು ಬಂದಾಗ ಮನೆಯಲ್ಲಿದ್ದೂ ಇಲ್ಲದಾಗುವವರು ಈಚೆ ಬದಿಯವರೇ. ನೀವು ಆರಕ್ಕೆ ಸರಿಯಾಗಿ ಶುರು ಮಾಡಿ, ಎರಡು ವರ್ಷ ಖಾಲಿ ಕುರ್ಚಿಗಳ ಮುಂದೆಯಾದರೂ ಸರಿ, ಹಟ ಹಿಡಿಯಿರಿ. ಮೂರನೆಯ ವರ್ಷ ಜನ ಐದೂಮುಕ್ಕಾಲಕ್ಕೇ ಬರುತ್ತಾರೆ. ಸದ್ದು ತಗ್ಗಿಸಿದರೆ ಜನ ಕಡಿಮೆಯಾಗುತ್ತಾರೆ ಎಂಬ ಅಂಜಿಕೆ ನಿಮಗಿದ್ದರೆ, ಒಂದೇ ಒಂದು ಸಂಜೆ ಪ್ರಯೋಗ ಮಾಡಿ ನೋಡಿ: ನವರಾತ್ರಿಯ ಒಂಬತ್ತು ದಿನಗಳಲ್ಲಿ ಒಂದು ದಿನ ಪೂರ್ತಿ ಮೈಕಿಲ್ಲದ ಕೂಟ ಅಥವಾ ಕಚೇರಿ, ದೇವಸ್ಥಾನದ ಒಳಾಂಗಣದಲ್ಲೋ ಭಜನಾ ಮಂದಿರದಲ್ಲೋ. ಆ ಸಂಜೆಯ ಕಾಫಿ ತಿಂಡಿಯ ಖರ್ಚು ಈ ಕೇಳುಗನದ್ದು. ಕಾಫಿ ಮಾತ್ರ ತನಿಯಾವರ್ತನೆ ಮುಗಿದ ಮೇಲೆ.

ಚೌತಿಯ ಒಳಗೆ ನಿಮ್ಮ ಸಮಿತಿಯ ಸಭೆ ಸೇರುವುದಿದ್ದರೆ ಈ ಪತ್ರವನ್ನು ಅಲ್ಲಿ ಓದಿಸಿ ಎಂಬುದು ವಿನಂತಿ. ಒಪ್ಪದ ಮಾತುಗಳಿದ್ದರೆ ಅಲ್ಲೇ ಜಗಳವಾಡಿ. ಒಪ್ಪಿದವುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆದು ಮೈಕಿನವರಿಗೆ ಒಂದು ಪ್ರತಿ ಕೊಡಿ.

ಇತಿ ತಮ್ಮ ವಿಶ್ವಾಸಿ,

ಕುಂಬಳೆ ಸೀಮೆಯ ಒಬ್ಬ ಕೇಳುಗ
ಕಾಸರಗೋಡು ಜಿಲ್ಲೆ